ಕೂದಲೆಳೆಯಷ್ಟು ದಪ್ಪದ ಗೋಡೆ

ಚೈನ್ ಸಾ ಒಂದರ ಎಂಜಿನ್ ಇನ್ನೂ ಬಾಳುತ್ತದೆಯೇ ಎಂದು ತಿಳಿಯಲು ಅದನ್ನು ಪೂರ್ತಿ ಬಿಚ್ಚಬೇಕಾಗಿಲ್ಲ. ಸೈಲೆನ್ಸರಿನ ಬೋಲ್ಟುಗಳನ್ನು ತೆಗೆದು, ಹೊಗೆ ಹೊರಬರುವ ಕಿಂಡಿಗೆ ಟಾರ್ಚ್ ಹಿಡಿದು, ಸ್ಟಾರ್ಟರ್ ಹಗ್ಗವನ್ನು ಮೆಲ್ಲನೆ ಎಳೆದರೆ ಪಿಸ್ಟನ್ನಿನ ಮೈ ಮೇಲಕ್ಕೂ ಕೆಳಕ್ಕೂ ಹೋಗುವುದು ಕಾಣುತ್ತದೆ. ಕಾರ್ಖಾನೆಯ ಲೇತ್ ಬಿಟ್ಟುಹೋದ ನವಿರಾದ ಅಡ್ಡಗೆರೆಗಳು ಅದರ ಮೇಲೆ ಇನ್ನೂ ಉಳಿದಿದ್ದರೆ ಚಿಂತೆಯಿಲ್ಲ. ಅಡ್ಡಗೆರೆಗಳು ಅಳಿಸಿ ಉದ್ದಗೆರೆಗಳು ಬಿದ್ದಿದ್ದರೆ, ಅಲ್ಲಲ್ಲಿ ಅಲ್ಯೂಮಿನಿಯಂ ಕರಗಿ ಮೆತ್ತಿದಂತಿದ್ದರೆ, ಪಿಸ್ಟನ್ ಒಮ್ಮೆಯಾದರೂ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿದೆ ಎಂದೇ ತಿಳಿಯಬೇಕು.

ಜರ್ಮನರು ಇದನ್ನು ‘ಕೋಲ್ಬೆನ್‌ಫ್ರೆಸ್ಸರ್’ ಎನ್ನುತ್ತಾರೆ. ಕೋಲ್ಬೆನ್ ಎಂದರೆ ಪಿಸ್ಟನ್. ಮನುಷ್ಯರು ಉಣ್ಣುವುದಕ್ಕೆ ಅವರಲ್ಲಿ ಒಂದು ಕ್ರಿಯಾಪದ, ಪ್ರಾಣಿಗಳು ಮುಕ್ಕುವುದಕ್ಕೆ ಇನ್ನೊಂದು. ‘ಫ್ರೆಸ್ಸರ್’ ಹುಟ್ಟಿದ್ದು ಎರಡನೆಯದರಿಂದ. ನಮ್ಮ ಗ್ಯಾರೇಜುಗಳಲ್ಲಿ ಇದು ‘ಸೀಜ್ ಆಗಿದೆ’, ಇಲ್ಲವೆ ‘ಹಿಡ್ಕೊಂಡಿದೆ’. ಸವೆತಕ್ಕೆ ಕನ್ನಡದಲ್ಲಿ ಎರಡು ಮಾತುಗಳಿವೆ. ಚಪ್ಪಲಿ ಸವೆಯುತ್ತದೆ, ಗಂಧವನ್ನು ತೇಯುತ್ತೇವೆ. ಮೊದಲನೆಯದು ಬಳಸುತ್ತಾ ತಾನಾಗಿ ಆಗುವುದು, ಎರಡನೆಯದು ಉಜ್ಜಿ ಮಾಡುವುದು. ಸಿಲಿಂಡರಿನೊಳಗೆ ಎರಡೂ ನಡೆಯುತ್ತವೆ. ಎಣ್ಣೆಯ ಪದರ ಇರುವಷ್ಟು ಕಾಲ ಸವೆತ. ಅದು ಹರಿದ ಕ್ಷಣದಿಂದ ತೇಯುವುದು, ಕೊನೆಗೆ ಮುಕ್ಕುವುದು.

ಕಳೆದ ದಶಕದಿಂದೀಚೆಗೆ ಈ ಮುಕ್ಕಿದ ಪಿಸ್ಟನ್‌ಗಳನ್ನು ಹೆಚ್ಚಾಗಿ ಕಾಣುತ್ತಿರುವವರಲ್ಲಿ ಕಿಟ್ ಜೋಡಿಸುವವರೂ ಇದ್ದಾರೆ. ಜರ್ಮನಿಯ ಸ್ಟೀಲ್ ಕಂಪನಿಯ 066 ಎಂಬ ದೊಡ್ಡ ಗರಗಸ 1990ರ ದಶಕದಲ್ಲಿ ಅಮೆರಿಕ, ಕೆನಡಾ, ಯುರೋಪಿನ ಕಾಡುಗಳಲ್ಲಿ ಹೆಸರು ಮಾಡಿತು. ಆಮೇಲೆ ಅದಕ್ಕೆ ಎಂಎಸ್ 660 ಎಂದು ಹೆಸರು ಬಂತು. 54 ಮಿ.ಮೀ. ಬೋರ್, 40 ಮಿ.ಮೀ. ಸ್ಟ್ರೋಕ್, 91.6 ಸಿಸಿ. ಅಂದರೆ ಒಂದು ಆರ್‌ಎಕ್ಸ್ 100 ಬೈಕಿಗೆ ಸ್ವಲ್ಪವೇ ಕಡಿಮೆ ಎಂಜಿನ್ ಅನ್ನು ಒಬ್ಬ ಮನುಷ್ಯ ಎರಡು ಕೈಯಲ್ಲಿ ಹಿಡಿದು ನಿಲ್ಲುತ್ತಾನೆ. ಇದರ ನಕಲು ಚೀನಾದಲ್ಲಿ ತಯಾರಾಗಿ, ಬಿಡಿಭಾಗಗಳ ರೂಪದಲ್ಲೇ ಒಂದು ಪೆಟ್ಟಿಗೆಯಲ್ಲಿ ಮನೆಗೆ ಬರತೊಡಗಿತು. ಸಣ್ಣಸಣ್ಣ ಪ್ಲಾಸ್ಟಿಕ್ ಚೀಲಗಳು, ಸ್ಕ್ರೂಗಳ ರಾಶಿ, ಬಹಳ ಸಲ ಕೈಪಿಡಿಯೇ ಇಲ್ಲ. ಅಸಲಿಗಿಂತ ಬಹಳ ಅಗ್ಗ. ಕೊಂಡವರು ಚಳಿಗಾಲದ ವಾರಾಂತ್ಯಗಳಲ್ಲಿ ಕೂತು ಜೋಡಿಸಿದರು. ಕೆಲವು ಗರಗಸಗಳು ಚೆನ್ನಾಗಿ ನಡೆದವು, ಇನ್ನು ಕೆಲವು ಮೊದಲ ಟ್ಯಾಂಕ್ ಪೆಟ್ರೋಲ್ ಮುಗಿಯುವ ಮೊದಲೇ ಪಿಸ್ಟನ್ ಮುಕ್ಕಿದವು.

ಆಗ ಏಳುವ ಮೊದಲ ಪ್ರಶ್ನೆ, ಭಾರತದ ಯಾವ ಗ್ಯಾರೇಜಿನಲ್ಲಾದರೂ ಏಳುವಂಥದ್ದೇ: ಬೋರ್ ಮಾಡಿಸಬಹುದೇ? ಇಲ್ಲ. ಈ ‘ಇಲ್ಲ’ದ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಕತೆಯಿದೆ.

ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಎಂಬವರು 1891ರಲ್ಲಿ ಪೇಟೆಂಟ್ ಪಡೆದ ಟೂ-ಸ್ಟ್ರೋಕ್ ಎಂಜಿನ್ ಸರಳತೆಯಲ್ಲಿ ಒಂದು ಅಚ್ಚರಿ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್‌ಕೇಸಿಗೆ ಬಂದು, ಪಿಸ್ಟನ್ ಇಳಿಯುವಾಗ ಒತ್ತಿಸಿಕೊಂಡು ಮೇಲೇರುತ್ತದೆ. ಈ ತತ್ತ್ವದ ಮೇಲೆ ಬೆಳೆದ ಎಂಜಿನ್‌ಗಳಲ್ಲಿ ಮೇಲುಗಡೆ ವಾಲ್ವ್‌ಗಳೇ ಬೇಕಾಗಲಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳನ್ನು ಕೊರೆದರಾಯಿತು, ಪಿಸ್ಟನ್ ಅವುಗಳನ್ನು ದಾಟುವಾಗ ತಾನೇ ಮುಚ್ಚುತ್ತದೆ, ತಾನೇ ತೆರೆಯುತ್ತದೆ. ಕ್ರ್ಯಾಂಕ್‌ಕೇಸಿನಲ್ಲಿ ಎಣ್ಣೆ ನಿಲ್ಲಿಸಿಡಲು ಬರುವುದಿಲ್ಲವಾದ್ದರಿಂದ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಬಿಡಿಭಾಗಗಳು ಕಡಿಮೆ, ತೂಕ ಕಡಿಮೆ. ಆದರೆ ಇದರಲ್ಲಿ ಗೋಡೆಯ ಮೇಲೆ ಹೊರೆ ಹೆಚ್ಚು. ಅದು ಬರೀ ಗೋಡೆಯಲ್ಲ, ಬಾಗಿಲ ಚೌಕಟ್ಟೂ ಹೌದು. ಪ್ರತಿ ಸುತ್ತಿಗೂ ರಿಂಗ್ ಆ ಕಿಂಡಿಗಳ ಅಂಚನ್ನು ಎರಡು ಸಲ ದಾಟಬೇಕು.

ಆಂದ್ರೆಯಾಸ್ ಸ್ಟೀಲ್ 1926ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಕಂಪನಿ ಆರಂಭಿಸಿದಾಗ ಮೊದಲು ಮಾಡಿದ್ದು ವಿದ್ಯುತ್ ಗರಗಸ. ಕಾಡಿನಲ್ಲಿ ವಿದ್ಯುತ್ ಎಲ್ಲಿಂದ ತರುವುದು? 1929ರಲ್ಲಿ ಪೆಟ್ರೋಲಿನದು ಬಂತು. ಸುಮಾರು 46 ಕಿಲೋ, ಹಿಡಿಯಲು ಇಬ್ಬರು. ಅಲ್ಲಿಂದಾಚೆಗೆ ಚೈನ್ ಸಾದ ಇತಿಹಾಸವೆಂದರೆ ಮುಕ್ಕಾಲು ಪಾಲು ತೂಕ ಇಳಿಸಿದ ಇತಿಹಾಸ. ಅಮೆರಿಕದಲ್ಲಿ ರಾಬರ್ಟ್ ಮೆಕಲಕ್ ಕಂಪನಿ 1949ರಲ್ಲಿ 25 ಪೌಂಡಿನ, ಅಂದರೆ 11 ಕಿಲೋ ಚಿಲ್ಲರೆಯ ಗರಗಸ ತಂದಿತು. (ಇದೇ ಮೆಕಲಕ್ ಮುಂದೆ 1968ರಲ್ಲಿ ಲಂಡನ್ ಸೇತುವೆಯನ್ನೇ ಕೊಂಡು, ಕಲ್ಲು ಕಲ್ಲು ಬಿಚ್ಚಿಸಿ, ಅರಿಜೋನದ ಮರುಭೂಮಿಯಲ್ಲಿ ಜೋಡಿಸಿದ ಮಹಾನುಭಾವ. ಅದನ್ನೂ ಒಂದು ಕಿಟ್ ಎನ್ನಬಹುದು.) ಸ್ಟೀಲ್ 1950ರಲ್ಲಿ ಒಬ್ಬನೇ ಹಿಡಿಯಬಲ್ಲ 16 ಕಿಲೋದ ಗರಗಸ, 1959ರಲ್ಲಿ 12 ಕಿಲೋದ ‘ಕೊಂಟ್ರಾ’ ತಂದಿತು.

ತೂಕ ಇಳಿಸುವವರ ಕಣ್ಣು ಮೊದಲು ಬೀಳುವುದೇ ಎರಕದ ಕಬ್ಬಿಣದ ಸಿಲಿಂಡರಿನ ಮೇಲೆ. ಅಲ್ಯೂಮಿನಿಯಂ ಅದರ ಅರ್ಧಕ್ಕೂ ಕಡಿಮೆ ತೂಗುತ್ತದೆ, ಶಾಖವನ್ನು ಎಷ್ಟೋ ಬೇಗ ಹೊರಗೆ ಹಾಕುತ್ತದೆ. ಇನ್ನೊಂದು ಲಾಭ ಅಷ್ಟು ಬೇಗ ಕಣ್ಣಿಗೆ ಬೀಳದು. ಪಿಸ್ಟನ್ ಮೊದಲೇ ಅಲ್ಯೂಮಿನಿಯಂ ಆಗಿತ್ತು. ಕಾದಾಗ ಅದು ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ಕಬ್ಬಿಣದ ಸಿಲಿಂಡರಿನಲ್ಲಿ ಪಿಸ್ಟನ್ನಿಗೆ ಹೆಚ್ಚು ಸಂದು ಬಿಡಲೇಬೇಕು, ತಣ್ಣಗಿರುವಾಗ ಅದು ಲಟಲಟ ಎನ್ನುತ್ತದೆ. ಎರಡೂ ಅಲ್ಯೂಮಿನಿಯಂ ಆದರೆ ಜೊತೆಜೊತೆಯಾಗಿ ಹಿಗ್ಗುತ್ತವೆ. ತೊಂದರೆ ಒಂದೇ. ಅಲ್ಯೂಮಿನಿಯಂ ಅಲ್ಯೂಮಿನಿಯಮ್ಮಿಗೆ ಉಜ್ಜಿದರೆ ಎರಡೂ ಒಂದನ್ನೊಂದು ಮುಕ್ಕುತ್ತವೆ. ಇಬ್ಬರ ನಡುವೆ ಮೂರನೆಯವರೊಬ್ಬರು ಬೇಕು.

ಹಳೆಯ ಕಬ್ಬಿಣದ ಸಿಲಿಂಡರ್ ಸೋತಿತ್ತೆಂದಲ್ಲ. 1930ರ ದಶಕದಲ್ಲಿ ಬ್ರಿಟನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಆಟೊಮೊಬೈಲ್ ಎಂಜಿನಿಯರ್ಸ್‌ಗಾಗಿ ಸಿ. ಜಿ. ವಿಲಿಯಮ್ಸ್ ನಡೆಸಿದ ಪ್ರಯೋಗಗಳು, ಎಂಜಿನ್ ತಣ್ಣಗಿರುವಾಗ ಗೋಡೆಯ ಮೇಲೆ ಆಮ್ಲೀಯ ತೇವ ಕೂತು ಕಬ್ಬಿಣವನ್ನು ಕೊರೆಯುವುದೇ ಕಾರಿನ ಸಿಲಿಂಡರ್ ಸವೆತದ ದೊಡ್ಡ ಕಾರಣವೆಂದು ತೋರಿಸಿದವು. ಕಬ್ಬಿಣ ಸವೆಯುತ್ತಿತ್ತು, ಆದರೆ ಸವೆದ ಮೇಲೂ ಒಳಗೆ ಕಬ್ಬಿಣವೇ ಇತ್ತು. ಗೋಡೆ ದಪ್ಪ. ಮೇಲಿನ ಪದರ ಕೆತ್ತಿದರೆ ಅಡಿಯಲ್ಲಿ ಅಂಥದ್ದೇ ಇನ್ನೊಂದು ಪದರ.

ಇದರ ಬೆಲೆ ಏನೆಂದು ಭಾರತದಲ್ಲಿ ಟೂ-ಸ್ಟ್ರೋಕ್ ಓಡಿಸಿದ ಒಂದು ತಲೆಮಾರಿಗೆ ವಿವರಿಸಬೇಕಾಗಿಲ್ಲ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸತೊಡಗಿದ 250 ಸಿಸಿ ಮೋಟರ್‌ಸೈಕಲ್ಲಿಗೂ, ಅದರ ಮುಂದಿನ ರೂಪವಾದ ಯೆಜ್ಡಿಗೂ 65 ಮಿ.ಮೀ. ಬೋರಿನ ಎರಕದ ಕಬ್ಬಿಣದ ಸಿಲಿಂಡರ್. ಹೊಗೆ ಹೆಚ್ಚಾಗಿ, ಏರಿನಲ್ಲಿ ಉಸಿರು ಕಟ್ಟಿ, ಕಿಕ್ ಹೊಡೆದರೆ ತಡೆಯೇ ಇಲ್ಲದಂತಾದಾಗ ‘ಬೋರಿಗೆ ಬಂದಿದೆ’ ಎನ್ನುತ್ತಿದ್ದರು. ಕನ್ನಡದಲ್ಲಿ ಆ ಮಾತು ಹಣ್ಣಾಗುವಂತೆ, ಮದುವೆಗೆ ಬರುವಂತೆ ಒಂದು ವಯಸ್ಸು ಮುಟ್ಟಿದ ಧಾಟಿಯಲ್ಲಿದೆ. ಸಿಲಿಂಡರ್ ಕಳಚಿ ಬೋರಿಂಗ್ ಅಂಗಡಿಗೆ ಒಯ್ಯುವುದು. ಅಲ್ಲಿ ಡಯಲ್ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆಯುತ್ತಿದ್ದರು. ರಿಂಗ್ ಹಿಂದಿರುಗುವ ಮೇಲ್ತುದಿಯ ಹತ್ತಿರ ಸವೆತ ಹೆಚ್ಚು, ಪಿಸ್ಟನ್ ಒರಗುವ ದಿಕ್ಕಿನಲ್ಲಿ ದುಂಡು ಹೋಗಿ ಮೊಟ್ಟೆಯಾಕಾರ. ಕಾಲು ಮಿಲಿಮೀಟರಿನ ಲೆಕ್ಕದಲ್ಲಿ ದೊಡ್ಡದಾಗುತ್ತಾ ಹೋಗುವ ಓವರ್‌ಸೈಜ್ ಪಿಸ್ಟನ್‌ಗಳು ಸಿಗುತ್ತಿದ್ದವು. ಅಷ್ಟಕ್ಕೆ ಸರಿಯಾಗಿ ಕೊರೆದು, ಹೋನಿಂಗ್ ಕಲ್ಲಿನಿಂದ ಓರೆಗೆರೆ ಹಾಕಿ ಕೊಡುತ್ತಿದ್ದರು. ಆ ಗೆರೆಗಳಲ್ಲಿ ಎಣ್ಣೆ ನಿಲ್ಲಬೇಕು. ಬಳಿಕ ಹಿಂದೆ ‘ರನ್ನಿಂಗ್ ಇನ್’ ಎಂದು ಬರೆದುಕೊಂಡು, ಎಲ್ಲರಿಂದ ಹಾರ್ನ್ ಹೊಡೆಸಿಕೊಂಡು, ನಿಧಾನವಾಗಿ ಓಡಿಸುವ ಕೆಲವು ವಾರಗಳು. ಪುಣೆಯಲ್ಲಿ ಚೇತಕ್ ಇಟ್ಟುಕೊಂಡಿದ್ದವರಿಗೂ ಈ ಕತೆ ಗೊತ್ತು.

ಕೊನೆಯ ಓವರ್‌ಸೈಜೂ ಮುಗಿದರೆ ಒಳಗೆ ಹೊಸ ಕಬ್ಬಿಣದ ಸ್ಲೀವ್ ಕೂರಿಸಿ ಮೊದಲಿನ ಅಳತೆಗೆ ಮರಳುವುದು. ಒಂದು ಸಿಲಿಂಡರಿಗೆ ಹೀಗೆ ಮೂರೋ ನಾಲ್ಕೋ ಜನ್ಮ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಬೈಕುಗಳು ಇನ್ನೂ ಓಡುತ್ತಿರುವುದಕ್ಕೆ ಅಭಿಮಾನಿಗಳ ಪ್ರೀತಿ ಎಷ್ಟು ಕಾರಣವೋ ಕಬ್ಬಿಣದ ಆ ದಪ್ಪವೂ ಅಷ್ಟೇ ಕಾರಣ. ಪ್ರೀತಿಯ ಬಗ್ಗೆ ಬರೆದವರು ಬಹಳ, ದಪ್ಪದ ಬಗ್ಗೆ ಕಡಿಮೆ.

ಅಲ್ಯೂಮಿನಿಯಂ ಗೋಡೆಗೆ ಬೇಕಾದ ಆ ‘ಮೂರನೆಯವರು’ ಮೊದಲು ಕ್ರೋಮಿಯಂ ರೂಪದಲ್ಲಿ ಬಂದರು. ಗಟ್ಟಿ ಕ್ರೋಮ್ ಸವೆಯದು, ಆದರೆ ಅದರ ನುಣುಪಿನ ಮೇಲೆ ಎಣ್ಣೆ ನಿಲ್ಲದು. ಡಚ್ ಎಂಜಿನಿಯರ್ ಹೆಂಡ್ರಿಕ್ ವಾನ್ ಡರ್ ಹೋರ್ಸ್ಟ್ ಅದರಲ್ಲಿ ಸೂಕ್ಷ್ಮ ರಂಧ್ರಗಳನ್ನು ಉಳಿಸುವ ವಿಧಾನ ಕಂಡುಹಿಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಡೀಸೆಲ್ ಎಂಜಿನ್‌ಗಳಿಗೆ ಅದು ಬಳಕೆಯಾಯಿತು. ಯುದ್ಧಾನಂತರದ ಸಣ್ಣ ಎಂಜಿನ್‌ಗಳಿಗೂ ಕ್ರೋಮ್ ಇಳಿದುಬಂತು.

ಎರಡನೆಯ ಉತ್ತರ ಬಂದದ್ದು ಗರಗಸದಿಂದಲ್ಲ, ಒಂದು ಕಾರಿನ ಸಂಕಟದಿಂದ. ಸ್ಟುಟ್‌ಗಾರ್ಟ್ ಇರುವ ನೆಕ್ಕರ್ ನದಿಯ ದಂಡೆಯಲ್ಲೇ, ಕೆಳಗಡೆ, ನೆಕ್ಕರ್‌ಸುಲ್ಮ್ ಎಂಬ ಊರಿದೆ. ಅಲ್ಲಿನ ಎನ್‌ಎಸ್‌ಯು ಕಂಪನಿ ವಾಂಕೆಲ್ ಎಂಜಿನ್ ಬೆಳೆಸುತ್ತಿತ್ತು. ಅದರಲ್ಲಿ ಪಿಸ್ಟನ್ ಮೇಲೆ ಕೆಳಗೆ ಹೋಗುವುದಿಲ್ಲ. ತ್ರಿಕೋನದ ರೋಟರ್ ಒಂದು ಸುತ್ತುತ್ತದೆ, ಅದರ ಮೂರು ತುದಿಗಳ ಸೀಲ್‌ಗಳು ಗೋಡೆಯನ್ನು ಸವರುತ್ತಲೇ ಇರುತ್ತವೆ. ಸವರುತ್ತಾ ಕಂಪಿಸಿ, ಗೋಡೆಯ ಮೇಲೆ ಅಲೆಅಲೆಯಾಗಿ ಗೀರು ಎಬ್ಬಿಸುತ್ತಿದ್ದವು. ಎನ್‌ಎಸ್‌ಯುವಿನಿಂದ ಪರವಾನಗಿ ಪಡೆದ ಜಪಾನಿನ ಮಾಜ್ದಾದಲ್ಲಿ ಕೆನಿಚಿ ಯಾಮಾಮೊಟೊ ಅವರ ತಂಡ ಇದೇ ಗೀರುಗಳೊಂದಿಗೆ ವರ್ಷಗಟ್ಟಲೆ ಹೆಣಗಿತು. ಅವರು ಕೊಟ್ಟ ಹೆಸರು ‘ಅಕುಮ ನೋ ತ್ಸುಮೆಅತೊ’, ದೆವ್ವದ ಉಗುರಿನ ಗುರುತು. ಜರ್ಮನರಿಗೆ ಹಸಿದ ಪ್ರಾಣಿ ಕಂಡಲ್ಲಿ ಜಪಾನೀಯರಿಗೆ ದೆವ್ವ ಕಂಡಿತು.

ಸ್ಟುಟ್‌ಗಾರ್ಟ್‌ನ ಪಿಸ್ಟನ್ ತಯಾರಕ ಮಾಲೆ ಕಂಪನಿ 1967ರಲ್ಲಿ ಈ ಎಂಜಿನ್ನಿಗಾಗಿಯೇ ಒಂದು ಲೇಪ ತಂದಿತು. ನಿಕಲ್ಲನ್ನು ವಿದ್ಯುತ್ತಿನಿಂದ ಅಲ್ಯೂಮಿನಿಯಮ್ಮಿನ ಮೇಲೆ ಕೂರಿಸುವಾಗ, ಆ ದ್ರಾವಣದಲ್ಲಿ ಸಿಲಿಕಾನ್ ಕಾರ್ಬೈಡಿನ ಪುಡಿ ತೇಲಿಸುವುದು. ಸಿಲಿಕಾನ್ ಕಾರ್ಬೈಡ್ ಎಂದರೆ ಚಾಕು ಮಸೆಯುವ ಸಾಣೆಕಲ್ಲಿನಲ್ಲಿರುವ ಕಣವೇ. ನಿಕಲ್ ಬೆಳೆಯುತ್ತಾ ಆ ಕಣಗಳನ್ನು ತನ್ನೊಳಗೆ ಹೂತುಕೊಳ್ಳುತ್ತದೆ. ಇದೇ ನಿಕಾಸಿಲ್. ಗಟ್ಟಿ ಕಣಗಳು ಸವೆತ ತಡೆಯುತ್ತವೆ, ಅವುಗಳ ನಡುವೆ ಎಣ್ಣೆ ನಿಲ್ಲುತ್ತದೆ. ಎನ್‌ಎಸ್‌ಯು ಮಾತ್ರ ಉಳಿಯಲಿಲ್ಲ. ಆರ್‌ಒ 80 ಕಾರಿನ ಎಂಜಿನ್‌ಗಳು ಗ್ಯಾರಂಟಿ ಅವಧಿಯಲ್ಲೇ ಕೆಟ್ಟು, ಬದಲಿಸಿ ಬದಲಿಸಿ ಸೋತು, 1969ರಲ್ಲಿ ಕಂಪನಿ ಫೋಕ್ಸ್‌ವ್ಯಾಗನ್ ತೆಕ್ಕೆಗೆ ಹೋಯಿತು. ಆ ಕಾರಿನ ಮಾಲೀಕರು ಎದುರುಬದುರಾದಾಗ ಕೈ ಬೀಸುತ್ತಿರಲಿಲ್ಲ, ಎಷ್ಟನೆಯ ಎಂಜಿನ್ ಎಂದು ಬೆರಳು ತೋರಿಸುತ್ತಿದ್ದರು ಎಂಬ ಕತೆ ಇಂದಿಗೂ ಓಡಾಡುತ್ತದೆ.

ಲೇಪ ಮಾತ್ರ ಉಳಿಯಿತು. ಪೋರ್ಷೆ ರೇಸ್ ಕಾರುಗಳಿಗೆ ಹೋಯಿತು, ಮೋಟರ್‌ಸೈಕಲ್ಲುಗಳಿಗೆ ಹೋಯಿತು, ಚೈನ್ ಸಾಗಳಿಗೆ ಬಂತು. ಇಂದು ಪುಣೆಯ ಪಕ್ಕದ ಚಾಕಣ್‌ನಲ್ಲಿ ತಯಾರಾಗುವ ಕೆಟಿಎಂ ಡ್ಯೂಕ್ 390ರ ಸಿಲಿಂಡರಿನಲ್ಲೂ ಅದಿದೆ. ಗರಗಸದ ಲೆಕ್ಕ ನೋಡಿ: ನಿಮಿಷಕ್ಕೆ 12,000 ಸುತ್ತು, 40 ಮಿ.ಮೀ. ಸ್ಟ್ರೋಕ್. ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 16 ಮೀಟರ್. ಇದನ್ನು ವರ್ಷಾನುಗಟ್ಟಲೆ ತಾಳುವ ಪದರದ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು.

ಬೋರ್ ಮಾಡಿಸಲು ಬರುವುದಿಲ್ಲ ಎಂದದ್ದು ಇದಕ್ಕೇ. ಕಾಲು ಮಿಲಿಮೀಟರ್ ಕೊರೆದರೆ ಗೋಡೆಯೇ ಹೋಗಿ ಬರೀ ಅಲ್ಯೂಮಿನಿಯಂ ಉಳಿಯುತ್ತದೆ. ಹಳೆ ಲೇಪ ಕಿತ್ತು ಹೊಸದು ಹಾಕಿಕೊಡುವವರಿದ್ದಾರೆ. ಗರಗಸದ ಮಟ್ಟಿಗೆ ಅದಕ್ಕಿಂತ ಹೊಸ ಸಿಲಿಂಡರೇ ಅಗ್ಗ. ಇದು ಒಳ್ಳೆಯ ವ್ಯಾಪಾರವೇ ಆಗಿತ್ತು ಎಂದು ಒಪ್ಪಬೇಕು. ಕಬ್ಬಿಣದ ಸಿಲಿಂಡರಿನ 91 ಸಿಸಿ ಗರಗಸವನ್ನು ದಿನವಿಡೀ ಎತ್ತಿ ಹಿಡಿಯುವವನ ಬೆನ್ನನ್ನು ಕೇಳಿದರೆ ಬೇರೆ ಉತ್ತರ ಬರುವುದಿಲ್ಲ. ಆದರೆ ಈ ವ್ಯಾಪಾರದಲ್ಲಿ ಬೋರಿಂಗ್ ಅಂಗಡಿಯವರನ್ನು ಯಾರೂ ಕೇಳಲಿಲ್ಲ. ಸಿಲಿಂಡರಿಗೆ ಇನ್ನೊಂದು ಜನ್ಮವಿದೆಯೇ ಎಂದು ತೀರ್ಮಾನಿಸುವ ಅಧಿಕಾರ ಡಯಲ್ ಗೇಜ್ ಹಿಡಿದವರ ಕೈಯಿಂದ ಬಿಡಿಭಾಗಗಳ ಬೆಲೆಪಟ್ಟಿಗೆ ಹೋಯಿತು.

ಕಿಟ್‌ಗಳು ಬಂದ ಮೇಲೆ ಆ ಅಧಿಕಾರದ ಒಂದು ತುಣುಕು, ಯಾರೂ ಬಯಸದ ದಾರಿಯಲ್ಲಿ, ಹಿಂದಕ್ಕೆ ಬಂದಿದೆ. ಅಗ್ಗದ ಸಿಲಿಂಡರ್, ಪಿಸ್ಟನ್ ಬಿಡಿಯಾಗಿ ಸಿಗುತ್ತವೆ ಎಂಬುದಷ್ಟೇ ಅಲ್ಲ. ಹೊಸ ಪಿಸ್ಟನ್ ಹಾಕಿ ಮತ್ತೆ ಹಗ್ಗ ಎಳೆದವರು ಅದೂ ಮುಕ್ಕಿದ್ದನ್ನು ಕಂಡರು. ಹಾಗಾಗಿ ಏಕೆ ಮುಕ್ಕಿತು ಎಂದು ಓದುವುದನ್ನು ಕಲಿಯಬೇಕಾಯಿತು.

ಓದುವುದು ಹೀಗೆ. ಗೆರೆಗಳು ಹೊಗೆ ಹೊರಹೋಗುವ ಬದಿಯಲ್ಲಿ ಹೆಚ್ಚಿದ್ದರೆ ಶಾಖ ಮಿತಿಮೀರಿದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿರಲಿಕ್ಕಿಲ್ಲ, ಇಲ್ಲವೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆ ಬರುವುದರಿಂದ, ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ, ತಂಪೂ ಕಡಿಮೆ. ಕ್ರ್ಯಾಂಕ್ ಸೀಲ್, ಸಿಲಿಂಡರಿನ ಬುಡದ ಗ್ಯಾಸ್ಕೆಟ್, ಕಾರ್ಬುರೇಟರಿನಿಂದ ಬರುವ ರಬ್ಬರ್ ಕೊಳವೆ, ಈ ಮೂರರಲ್ಲಿ ಒಂದು ಸರಿಯಾಗಿ ಕೂರದಿದ್ದರೂ ಸಾಕು. ಅದಕ್ಕೇ ಅನುಭವಿಗಳು ಕಿಂಡಿಗಳನ್ನೆಲ್ಲ ಮುಚ್ಚಿ, ಪಂಪಿನಿಂದ ಒತ್ತಡ ಕೊಟ್ಟು, ಆಮೇಲೆ ಗಾಳಿ ಹೀರಿ, ಮುಳ್ಳು ನಿಲ್ಲುತ್ತದೆಯೇ ಎಂದು ನೋಡದೆ ಹೊಸ ಪಿಸ್ಟನ್ ಮುಟ್ಟುವುದಿಲ್ಲ. ಗಾಳಿ ಒಳಬರುವ ಬದಿಯಲ್ಲಿ ಪಿಸ್ಟನ್ ಗೆರೆಯಿಲ್ಲದೆ ಮಂಕಾಗಿ ತೇಯ್ದುಹೋಗಿದ್ದರೆ ಅದು ಧೂಳು. ಏರ್ ಫಿಲ್ಟರ್ ಸರಿಯಾಗಿ ಮುಚ್ಚುತ್ತಿಲ್ಲ.

ರಿಂಗ್ ಮುರಿದಿದ್ದರೆ ಕತೆ ಬೇರೆ, ಅದು ಜೋಸೆಫ್ ಡೇ ಬಿಟ್ಟುಹೋದ ಕಿಂಡಿಗಳದ್ದು. ರಿಂಗ್ ಒಂದು ಸ್ಪ್ರಿಂಗಿನಂತೆ. ಕಿಂಡಿ ಸಿಕ್ಕಿದಲ್ಲಿ ಕೂದಲಷ್ಟು ಹೊರಕ್ಕೆ ಉಬ್ಬುತ್ತದೆ. ಕಿಂಡಿಯ ಅಂಚು ಚೂಪಾಗಿದ್ದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಒಳ್ಳೆಯ ಸಿಲಿಂಡರಿನಲ್ಲಿ ಎಲ್ಲ ಅಂಚುಗಳನ್ನೂ ಓರೆಯಾಗಿ ಉಜ್ಜಿರುತ್ತಾರೆ. ಅವಸರದಲ್ಲಿ ಎರಕ ಹೊಯ್ದ ಅಗ್ಗದ ಸಿಲಿಂಡರಿನಲ್ಲಿ ಈ ಕೆಲಸ ಅರೆಬರೆ. ಬೆರಳು ಆಡಿಸಿ ನೋಡಿ, ಚೂಪಿದ್ದಲ್ಲಿ ಸಣ್ಣ ಅರದಿಂದ ತಾವೇ ಉಜ್ಜಿಕೊಳ್ಳಬೇಕು. ರಿಂಗಿನ ಎರಡು ತುದಿಗಳು ಕಿಂಡಿಗೆ ಎದುರಾಗದಂತೆ ಹಿಡಿಯಲು ಪಿಸ್ಟನ್ನಿನ ಗಾಡಿಯಲ್ಲಿ ಒಂದು ಪುಟ್ಟ ಪಿನ್ ಇದೆ. ಜೋಡಿಸುವಾಗ ತುದಿಗಳು ಅದರ ಎರಡೂ ಪಕ್ಕಕ್ಕೆ ಕೂತಿರಬೇಕು.

ಸಿಲಿಂಡರ್ ಉಳಿದಿದೆಯೇ? ಉಗುರು ಎಳೆದು ನೋಡುವುದೇ ಮೊದಲ ಪರೀಕ್ಷೆ. ಮುಕ್ಕಿದ ಸಿಲಿಂಡರಿನಲ್ಲಿ ಕಾಣುವ ಗೆರೆಗಳು ಬಹಳ ಸಲ ತಗ್ಗುಗಳಲ್ಲ, ಉಬ್ಬುಗಳು. ಮೆತ್ತಗಿನ ಪಿಸ್ಟನ್ ತಾನು ಕರಗಿ ಗೋಡೆಗೆ ಮೆತ್ತಿಕೊಂಡದ್ದು. ಅದರ ಅಡಿಯಲ್ಲಿ ಲೇಪ ಹಾಗೇ ಇರಬಹುದು. ಹತ್ತಿ ಸುತ್ತಿದ ಕಡ್ಡಿಯಿಂದ ಕಾಸ್ಟಿಕ್ ಸೋಡಾದ ನೀರು ಸವರಿದರೆ ಅಲ್ಯೂಮಿನಿಯಂ ನೊರೆಗುಳ್ಳೆ ಎಬ್ಬಿಸಿ ಕರಗುತ್ತದೆ, ಲೇಪಕ್ಕೆ ಏನೂ ಆಗುವುದಿಲ್ಲ. ಗುಳ್ಳೆ ನಿಂತರೆ ಮೆತ್ತಿದ್ದು ಮುಗಿಯಿತು. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆ್ಯಸಿಡನ್ನೂ ಕೆಲವರು ಬಳಸುತ್ತಾರೆ. ಕ್ರೋಮ್ ಲೇಪದ ಸಿಲಿಂಡರಾದರೆ ಅದು ಕ್ರೋಮನ್ನೇ ತಿನ್ನುತ್ತದೆ, ಹತ್ತಿರ ತರಬಾರದು. ಎರಡರಲ್ಲಿ ಯಾವುದಾದರೂ ಕಿಂಡಿಯ ಅಂಚಿನಾಚೆಗಿನ ಬರಿ ಅಲ್ಯೂಮಿನಿಯಮ್ಮಿಗೆ ಹರಿಯಲು ಬಿಟ್ಟರೆ ಅಲ್ಲೂ ಕೊರೆಯುತ್ತದೆ. ಕನ್ನಡಕ, ಕೈಗವಸು, ಬಯಲು ಗಾಳಿ. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಹತ್ತಿರ ಬೆಂಕಿ ಇರಕೂಡದು. ಗುಳ್ಳೆ ನಿಂತ ಮೇಲೆ ಚೆನ್ನಾಗಿ ತೊಳೆದು, ನವಿರಾದ ಸ್ಕ್ರಬ್ ಪ್ಯಾಡಿನಿಂದ ಓರೆಯಾಗಿ ಉಜ್ಜಿ, ಮತ್ತೆ ಉಗುರು ಎಳೆಯುವುದು. ಇನ್ನೂ ಉಗುರು ಸಿಕ್ಕಿದರೆ ಲೇಪ ಹರಿದಿದೆ, ಆ ಸಿಲಿಂಡರ್ ಗುಜರಿಗೆ.

ಉಳಿದ ಸಿಲಿಂಡರಿಗೆ ಹೊಸ ರಿಂಗನ್ನು ಒಂಟಿಯಾಗಿ ಇಳಿಸಿ, ಪಿಸ್ಟನ್ನಿನ ತಲೆಯಿಂದ ಮಟ್ಟಸವಾಗಿ ತಳ್ಳಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರಿನ ಕಡೆಗೆ. ಗಜನ್ ಪಿನ್ನನ್ನು ಹಿಡಿಯುವ ಎರಡು ಪುಟ್ಟ ಸರ್ಕ್ಲಿಪ್‌ಗಳನ್ನು ಮಾತ್ರ ಕಿಟ್‌ನಲ್ಲಿ ಬಂದದ್ದನ್ನು ಬಿಟ್ಟು ಅಸಲಿಯದನ್ನೇ ತರಿಸುವುದು ಜೋಡಿಸುವವರಲ್ಲಿ ರೂಢಿಯಾಗಿದೆ; ಅದು ಹಾರಿದರೆ ಉಗುರಿನ ಪರೀಕ್ಷೆಯೇ ಬೇಕಾಗುವುದಿಲ್ಲ. ಎಲ್ಲ ಬಿಗಿದ ಮೇಲೆ ಪೆಟ್ರೋಲಿಗೆ ಐವತ್ತಕ್ಕೆ ಒಂದರಂತೆ ಒಳ್ಳೆಯ ಟೂ-ಸ್ಟ್ರೋಕ್ ಎಣ್ಣೆ, ಕಾರ್ಬುರೇಟರಿನ ಸ್ಕ್ರೂ ಪೆಟ್ರೋಲ್ ಸ್ವಲ್ಪ ಹೆಚ್ಚೇ ಬರುವಂತೆ. ಮೊದಲ ಟ್ಯಾಂಕ್ ಮುಗಿಯುವವರೆಗೆ ದಪ್ಪ ಮರಕ್ಕೆ ಹಚ್ಚುವುದಿಲ್ಲ. ಮುಗಿದ ಮೇಲೆ ಎಂಜಿನ್ ಆರಲು ಬಿಟ್ಟು, ಸೈಲೆನ್ಸರ್ ಬಿಚ್ಚಿ, ಮತ್ತೆ ಟಾರ್ಚ್ ಹಿಡಿದು ಅಡ್ಡಗೆರೆಗಳು ಇವೆಯೇ ಎಂದು ನೋಡುತ್ತಾರೆ.